ಒದರುವುದನ್ನೇ ಹಾಕ್ರಿ ಎಂದೆ

ನಾನು ಏಳನೇ ಇಯತ್ತೆಯಲ್ಲಿದ್ದಾಗ ಸಕ್ಕರೆ ಕಾಯಿಲೆ ಬಂತು. ಇನ್ಸುಲಿನ್ ಚುಚ್ಚಿಕೊಳ್ಳದೆ ಬದುಕಲಾಗದ ಟೈಪ್ ಒನ್. ಮದುವೆಗೆ ಮುಂಚೆಯೇ ಅತ್ತೆಗೆ ಇದು ಗೊತ್ತಿತ್ತು. ಹೊರಗಿನವರಿಗೆ ಗೊತ್ತಾಗಬಾರದು ಎಂಬುದಷ್ಟೇ ಅವರ ಕರಾರು. ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಸೂಜಿ ಚುಚ್ಚಿಕೊಳ್ಳುತ್ತಿದ್ದೆ.

ಕಳೆದ ವರ್ಷ ಸಕ್ಕರೆ ಇಳಿದರೂ ನನಗೆ ತಿಳಿಯದಂತಾಯಿತು. ಮೊದಲೆಲ್ಲ ಕೈ ನಡುಗಿ, ಬೆವರಿ ಎಚ್ಚರಿಸುತ್ತಿದ್ದ ಮೈ ಸುಮ್ಮನಾಗಿಬಿಟ್ಟಿತ್ತು. ಒಂದು ಮಧ್ಯಾಹ್ನ ದುರ್ಗದಬೈಲಿನ ಪೇಟೆಯಲ್ಲಿ ಬಳೆ ಅಂಗಡಿಯ ಮುಂದೆ ಕುಸಿದುಬಿದ್ದೆ. ತೋಳಿಗೆ ಅಂಟಿಸಿಕೊಂಡು ಹಗಲಿರುಳು ಸಕ್ಕರೆ ಅಳೆಯುವ ಸೆನ್ಸರ್ ಬೇಕೇ ಬೇಕು ಎಂದರು ಡಾಕ್ಟರು.

ಆಸ್ಪತ್ರೆಗೆ ಅತ್ತೆಯೂ ಬಂದರು. ಡಾಕ್ಟರು ಎರಡು ಬಗೆಯ ಸೆನ್ಸರ್ ತೋರಿಸಿದರು. ಒಂದು, ಯಂತ್ರ ಹತ್ತಿರ ಹಿಡಿದಾಗ ಮಾತ್ರ ಸಂಖ್ಯೆ ಹೇಳುವುದು. ಇನ್ನೊಂದು, ಸಕ್ಕರೆ ಇಳಿದೊಡನೆ ಮೊಬೈಲಿನಲ್ಲಿ ತಾನಾಗಿಯೇ ಕೂಗುವುದು.

"ಸಪ್ಪಳ ಮಾಡದ್ದು ಕೊಡ್ರಿ," ಎಂದರು ಅತ್ತೆ, ನನ್ನತ್ತ ನೋಡದೆ. "ಸಣ್ಣ ಮಗಗ ಕನ್ಯಾ ನೋಡಾಕತ್ತೇವಿ. ಬೀಗರ ಮುಂದ ಇದು ಒದರಿದ್ರ ಮನಿ ಮಾನ ಏನಾಗಬೇಕು? ಆಗಾಗ ಹಿಡದು ನೋಡ್ಕೊಳ್ತಾಳ ತಗೊಳ್ರಿ."

"ಎಚ್ಚರ ತಪ್ಪಿ ಬಿದ್ದಾಕಿ ಹೆಂಗ ಹಿಡದು ನೋಡ್ಕೋಬೇಕ್ರಿ?" ಎಂದೆ. "ಡಾಕ್ಟ್ರ, ಒದರೂದನ್ನ ಹಾಕ್ರಿ."

ಸಂಜೆ ಗಂಡ ಶುರುಮಾಡಿದ. "ಅವ್ವ ಹೇಳಿದಂಗ ಕೇಳಿದ್ರ ಏನ್ ಹೋಗ್ತಿತ್ತು ನಿಂದು?"

"ಜೀವ ಹೋಗ್ತಿತ್ತು."

ಗರಗದಿಂದ ಹೆಣ್ಣಿನ ಕಡೆಯವರು ಮನೆ ನೋಡಲು ಬಂದ ದಿನ, ಉದ್ದ ತೋಳಿನ ಕುಪ್ಪಸ ತೊಡು ಎಂದರು ಅತ್ತೆ. ತೊಟ್ಟೆ. ಮೊಬೈಲ್ ಬಂದ್ ಮಾಡು ಎಂದರು. ಮಾಡಲಿಲ್ಲ. ಚಹಾ ಕೊಡುತ್ತಿದ್ದಾಗ ಅದು ಜೋರಾಗಿ ಕೂಗಿತು.

"ಯಾರದೋ ಫೋನ್ ಬಂದೈತಿ," ಎಂದು ಅತ್ತೆ ನಕ್ಕರು.

ಆ ನಗು ಕಂಡು ಮೈ ಉರಿಯಿತು. ಗ್ಲುಕೋಸ್ ಪುಡಿಯನ್ನು ನೀರಿಗೆ ಕಲಸಿ ಎಲ್ಲರೆದುರೇ ಕುಡಿದೆ. "ಫೋನ್ ಅಲ್ರಿ. ನನ್ನ ಸಕ್ಕರಿ ಇಳದೈತಿ. ಸಣ್ಣಾಕಿ ಇದ್ದಾಗಿಂದ ಈ ಬ್ಯಾನಿ ಐತಿ ನನಗ."

ಹುಡುಗಿಯ ತಾಯಿ ಅತ್ತೆಯ ಕಡೆ ತಿರುಗಿದರು. "ಬ್ಯಾನಿ ಯಾರಿಗರ ಬರ್ತೈತ್ರಿ. ನೀವು ಸುಳ್ಳು ಯಾಕ ಹೇಳಿದ್ರಿ?"

ಸಂಬಂಧ ಮುರಿಯಿತು. ಅಂದಿನಿಂದ ಅತ್ತೆ ನಾನು ಕೊಟ್ಟ ನೀರನ್ನೂ ಮುಟ್ಟುವುದಿಲ್ಲ; ನಾನೂ ಕೊಡುವುದು ಬಿಟ್ಟೆ. ತಪ್ಪಾಯ್ತು ಅನ್ನು ಎಂದು ಗಂಡ ದಿನವೂ ಪೀಡಿಸುತ್ತಾನೆ. ಈಗ ಬೇರೆ ಕನ್ಯೆ ನೋಡುತ್ತಿದ್ದಾರೆ. ಬೀಗರು ಬರುವ ದಿನ ನಾನು ತವರಿಗೆ ಹೋಗಿರಬೇಕಂತೆ. ನಾನು ಹೋಗುವುದಿಲ್ಲ.