ಧಾರಾವಾಹಿಯ ಸಾಕ್ಷಿಯಮ್ಮ

ಟಿವಿಯಲ್ಲಿ ಬರುವ ಒಂದು ಕೋರ್ಟು ಧಾರಾವಾಹಿಯಲ್ಲಿ ಜಡ್ಜು ಬದಲಾದರು, ವಕೀಲರು ಬದಲಾದರು, ವಾರಕ್ಕೊಂದು ಸಾಕ್ಷಿಯ ಪಾತ್ರ ಹಾಕುವ ನಟಿ ಸಾಕ್ಷಿಯಮ್ಮ ಮಾತ್ರ ಕದಲಲಿಲ್ಲ. ಸೋಮವಾರ ಪಕ್ಕದ ಮನೆಯ ಗಿಳಿ ತನ್ನನ್ನು ಬೈದಿತೆಂದು ಕಟಕಟೆಯಲ್ಲಿ ದೂರಿ ಜನರನ್ನು ನಗಿಸುತ್ತಾಳೆ. ಗುರುವಾರ ಬಣ್ಣದ ಕಾರ್ಖಾನೆಯಲ್ಲಿ ಮಗನನ್ನು ಕಳೆದುಕೊಂಡ ತಾಯಿಯಾಗಿ ಕ್ಯಾಮೆರಾ ಹಿಡಿದವನ ಕಣ್ಣಲ್ಲೂ ನೀರು ತರಿಸುತ್ತಾಳೆ. ಕನ್ನಡಕ ಬದಲಾಯಿಸಿದರೆ ಆಳೇ ಬದಲಾದಂತೆ ಎಂಬುದು ಅವಳ ಸಿದ್ಧಾಂತ. ತರಕಾರಿಯ ತೂಕ ತುಸು ಕಡಿಮೆಯಾದರೂ ಸಾಕು, "ಸತ್ಯವನ್ನೇ ಹೇಳಪ್ಪ, ಸತ್ಯ ಬಿಟ್ಟು ಬೇರೇನೂ ಹೇಳಬೇಡ" ಎಂದು ಅಂಗಡಿಯವನ ಬಲಗೈ ಎತ್ತಿಸುತ್ತಾಳೆ. ಮೊಮ್ಮಕ್ಕಳ ಜಗಳಕ್ಕೆ ಅಡುಗೆಮನೆಯಲ್ಲೇ ವಿಚಾರಣೆ. ಇಂಥವಳು ಒಂದು ದಿನ ನಿಜವಾದ ಕೋರ್ಟಿಗೇ ಹೊರಟಳು. ಮನೆ ಮಾಲೀಕನ ಮಗ ಹೆಂಡತಿಯನ್ನು ಮೆಟ್ಟಿಲಿಂದ ತಳ್ಳಿದ್ದನ್ನು ಕಂಡವರು ಹಲವರು, ಬಾಯಿ ಬಿಡಲು ಒಪ್ಪಿದವಳು ಇವಳೊಬ್ಬಳೇ. "ಊರ ಉಸಾಬರಿ ನಮಗ್ಯಾಕಮ್ಮ? ನಾಳೆ ಮನೆ ಖಾಲಿ ಮಾಡಿ ಅಂತಾರೆ" ಎಂದು ಮಗ ಅಂಗಲಾಚಿದ. "ಮಾಡೋಣ ಕಣೋ, ಮನೆ ಬೇರೆ ಸಿಗುತ್ತೆ" ಎಂದು ಅವಳು ಚಪ್ಪಲಿ ಮೆಟ್ಟಿದಳು. ಕೋರ್ಟಿನಲ್ಲಿ ಹೆಸರು ಕೂಗಿದಾಗ ನೇರ ಹೋಗಿ ಕಟಕಟೆ ಹತ್ತಿದಳು. ಎದುರು ಪಕ್ಷದ ವಕೀಲ ನಕ್ಕ: "ನಿಮ್ಮನ್ನ ಟಿವೀಲಿ ನೋಡ್ತಾನೇ ಇರ್ತೀವಮ್ಮ. ಇದೂ ಆಕ್ಟಿಂಗೇ ತಾನೆ?" ಕೋರ್ಟೆಲ್ಲ ಗೊಳ್ಳೆಂದಿತು. ನಗು ಅಡಗುವವರೆಗೂ ಅವಳು ಕಟಕಟೆಯ ಕಂಬಿ ಹಿಡಿದು ಕಾದಳು. "ಅಲ್ಲಿ ಬರೆದುಕೊಟ್ಟಿದ್ದನ್ನ ಹೇಳ್ತೀನಿ ಸ್ವಾಮಿ. ಇಲ್ಲಿ ಕಣ್ಣಾರೆ ಕಂಡಿದ್ದನ್ನ ಹೇಳ್ತೀನಿ" ಎಂದಳು. ಕಾಲಿಗೆ ಬ್ಯಾಂಡೇಜು ಸುತ್ತಿಕೊಂಡು ಮೂಲೆಯಲ್ಲಿ ಕೂತಿದ್ದ ಆ ಹುಡುಗಿ, ಅಷ್ಟು ಹೊತ್ತೂ ತಗ್ಗಿಸಿದ್ದ ತಲೆಯನ್ನು ಮೆಲ್ಲನೆ ಎತ್ತಿದಳು.