ಸೆರಗಿನ ಗಂಟಿನಲ್ಲಿದ್ದ ಫ್ಯೂಸು

"ಇವ್ಳ ಕೈಲಿ ಆಗಲ್ಲ ಬುಡು" ಅಂದವರು ನನ್ನ ಸೋದರಮಾವ. ಬೇರೆ ಯಾರು ಅಂದಿದ್ದರೂ ನಾನು ತಲೆಗೆ ಹಾಕಿಕೊಳ್ಳುತ್ತಿರಲಿಲ್ಲ. ಆದರೆ ಮಾವ ಗುಬ್ಬಿಯಲ್ಲಿ ಅರ್ಧ ಊರಿನ ಮನೆಗಳಿಗೆ ವೈರಿಂಗ್ ಮಾಡಿದವರು. ಕರೆಂಟಿನ ಕೆಲಸ ಯಾರ ಕೈಲಿ ಆಗುತ್ತೆ, ಯಾರ ಕೈಲಿ ಆಗಲ್ಲ ಅಂತ ಹೇಳುವ ಹಕ್ಕು ಅವರಿಗಿತ್ತು.

ಹೋದ ವಾರ ಮಾವನ ಮನೆಯ ಹಳೇ ಮೀಟರ್ ಬೋರ್ಡ್ ಬಿಚ್ಚುವಾಗ ಆ ಮಾತು ಮತ್ತೆ ಎದ್ದು ಬಂತು. ಮರದ ಹಲಗೆಯ ಹಿಂದಿನಿಂದ ಧೂಳು, ಒಣಗಿದ ರಬ್ಬರು, ಯಾವತ್ತೋ ಕರಕಲಾದ ವೈರು ಎಲ್ಲ ಸೇರಿದ ವಾಸನೆ ಮೂಗಿಗೆ ಹೊಡೆಯಿತು. ಜೊತೆಗೆ ಕೈಗೆ ಸಿಕ್ಕಿದ್ದು ಬಿಳೀ ಪಿಂಗಾಣಿಯ ಫ್ಯೂಸು, ಒಂದು ಮೂಲೆ ಚಕ್ಕೆ ಎದ್ದದ್ದು. ನಾನು ಅದನ್ನು ಕಿತ್ತು, ಯೋಚನೆಯೇ ಇಲ್ಲದೆ ಸೆರಗಿನ ತುದಿಗೆ ಗಂಟು ಹಾಕಿಕೊಂಡೆ.

ನಮ್ಮೂರು ಬೆಳ್ಳಾವಿ ಕಡೆ. ರಾಗಿ ಹೊಲ, ಒಂದಷ್ಟು ತೆಂಗಿನ ಮರ. ಏಳನೇ ಕ್ಲಾಸಿನ ಮೇಲೆ ಓದಲು ನನ್ನನ್ನು ಮಾವನ ಮನೆಗೆ ಕಳಿಸಿದರು. ನಾನು ಒಂದು ಕಡೆ ಕೂರುವ ಹುಡುಗಿಯಾಗಿರಲಿಲ್ಲ. ಊಟಕ್ಕೆ ಕೂತರೆ ಕಾಲು ಅಲ್ಲಾಡಿಸುತ್ತಿದ್ದೆ, ಓದಲು ಕೂತರೆ ಪೆನ್ನಿನ ಸ್ಪ್ರಿಂಗ್ ಬಿಚ್ಚಿರುತ್ತಿದ್ದೆ. "ಇವ್ಳ ಲಂಗದೊಳಗೆ ಯಾರೋ ಇರುವೆ ಬುಟ್ಟವ್ರೆ" ಅಂತ ಅತ್ತೆ ನಗುತ್ತಿದ್ದರು. ಮಾವ ನಗುತ್ತಿರಲಿಲ್ಲ.

ಎಸ್‌ಎಸ್‌ಎಲ್‌ಸಿ ಮುಗಿದ ವರ್ಷ, ತುಮಕೂರಿನಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾಗೆ ಸೇರುತ್ತೇನೆ ಅಂದೆ. ಅಪ್ಪ ಹೆಬ್ಬೆಟ್ಟಿನವರು. "ಕರೆಂಟಿನ ವಿಚಾರ ನಂಗೇನ್ ಗೊತ್ತವ್ವ. ನಿಮ್ಮಾವ ಹೂಂ ಅಂದು ಸೈನ್ ಹಾಕಿದ್ರೆ ಸೇರ್ಕೋ" ಅಂದರು. ಹಾಗಾಗಿ ಎಲ್ಲವೂ ಮಾವನ ಒಂದು ಸಹಿಯ ಮೇಲೆ ನಿಂತಿತು. ಅಮ್ಮ ಊರಿಂದ ಬಂದು ಅಣ್ಣನನ್ನು ಕೇಳಿದಾಗಲೇ ಅವರು ಆ ಮಾತು ಅಂದದ್ದು.

"ಹೆಣ್ಣುಮಗು ಅಂತ ಹಂಗಂತೀಯೇನಣ್ಣ?"

"ಹೆಣ್ಣು ಗಂಡು ನೋಡ್ಕಂಡು ಕರೆಂಟ್ ಹೊಡೆಯುತ್ತಾ? ಇವ್ಳಿಗೆ ಆತ್ರ ಕಣಮ್ಮಿ. ಆತ್ರದೋರು ಈ ಕೆಲ್ಸಕ್ಕೆ ಬರ್ಬಾರ್ದು."

ಅಮ್ಮ ಅತ್ತಿದ್ದಕ್ಕೋ ಏನೋ, ಅರ್ಜಿ ಹಾಕುವ ಕೊನೇ ದಿನದವರೆಗೆ ನನ್ನ ಕೆಲಸ ನೋಡುತ್ತೇನೆ ಅಂದರು ಮಾವ. ಮರುದಿನ ಬೆಳಿಗ್ಗೆ ಒಂದು ಚೀಲ ತುಂಡು ವೈರು ತಂದು ನನ್ನ ಮುಂದೆ ಸುರಿದರು.

ನಮ್ಮ ಕಡೆ ಆಗ ಎಲ್ಲರೂ ವೈರನ್ನು ಹಲ್ಲಿನಲ್ಲೇ ಸುಲಿಯುತ್ತಿದ್ದರು. ನಾನೂ ಬಾಯಿಗೆ ಇಟ್ಟೆ. ಮಾವ ತಲೆಗೆ ಮೊಟಕಿದರು. ಬ್ಲೇಡನ್ನು ವೈರಿನ ಸುತ್ತ ಒತ್ತಿ ತಿರುಗಿಸಬಾರದು, ಒಳಗಿನ ಎಳೆ ಕತ್ತರಿಸುತ್ತೆ. ಪೆನ್ಸಿಲ್ ಚೂಪು ಮಾಡುವ ಹಾಗೆ ಓರೆಯಾಗಿ ಹೆರೆಯಬೇಕು. ಸುಲಿದ ಮೇಲೆ ಎಳೆ ಎಣಿಸಬೇಕು. ಒಂದು ಎಳೆ ತುಂಡಾಗಿದ್ದರೂ ಅವರು ಅಷ್ಟನ್ನೂ ಕತ್ತರಿಸಿ ಬಿಸಾಕಿ, ಮತ್ತೆ ಮೊದಲಿಂದ ಅನ್ನುತ್ತಿದ್ದರು. ಜೋಡಿ ವೈರಿಗೆ ಜೋಡಿ ವೈರು ಸೇರಿಸುವಾಗ ಒಂದರ ಗಂಟಿನ ಎದುರಿಗೇ ಇನ್ನೊಂದರ ಗಂಟು ಬರಬಾರದು, ಒಂದು ಹಿಂದೆ, ಒಂದು ಮುಂದೆ. ಟೇಪನ್ನು ಬರೀ ತಾಮ್ರದ ಮೇಲಲ್ಲ, ಎರಡೂ ಕಡೆ ಸುಲಿಯದ ಭಾಗದ ಮೇಲೂ ಹತ್ತಿಸಿ, ಒಂದು ಸುತ್ತಿನ ಮೇಲೆ ಅರ್ಧ ಇನ್ನೊಂದು ಸುತ್ತು ಕೂರುವ ಹಾಗೆ ಎಳೆದು ಸುತ್ತಬೇಕು. ಎಲ್ಲ ಆದ ಮೇಲೆ ಅವರು ಎರಡೂ ತುದಿ ಹಿಡಿದು ಎಳೆದು ನೋಡುತ್ತಿದ್ದರು. ಬಿಟ್ಟುಕೊಂಡರೆ ನನ್ನ ಮಡಿಲಿಗೆ ಎಸೆಯುತ್ತಿದ್ದರು. ಬಿಡದಿದ್ದರೆ ಏನೂ ಅನ್ನದೆ ಪಕ್ಕಕ್ಕಿಡುತ್ತಿದ್ದರು. ಆ ಪಕ್ಕಕ್ಕಿಡುವುದೇ ಶಹಬ್ಬಾಸ್.

ಇಷ್ಟಕ್ಕೂ ಮೊದಲು ಮಾಡಬೇಕಾದ್ದು ಒಂದಿತ್ತು. ಫ್ಯೂಸು ಕಿತ್ತು ಮೈಮೇಲೆ ಇಟ್ಟುಕೊಳ್ಳುವುದು. ಬೋರ್ಡಿನ ಮೇಲೆ, ಕಿಟಕಿಯಲ್ಲಿ ಇಟ್ಟರೆ ಇನ್ಯಾರೋ ಬಂದು ಸಿಕ್ಕಿಸುತ್ತಾರೆ. ಮಾವನದು ಯಾವಾಗಲೂ ಅಂಗಿ ಜೇಬಿನಲ್ಲಿ. ನನಗೆ ಜೇಬಿರಲಿಲ್ಲ, ದಾವಣಿಯ ತುದಿಗೆ ಗಂಟು ಹಾಕಿಕೊಳ್ಳಲು ಹೇಳಿದ್ದರು.

ಅರ್ಜಿಗೆ ಇನ್ನೆರಡು ದಿನ ಇತ್ತು. ಮಾವ ಕುಣಿಗಲ್ ದಾಟಿ ಕೊತ್ತಗೆರೆಗೆ ಮೋಟಾರ್ ಕೆಲಸಕ್ಕೆ ಹೋಗಿದ್ದರು. ಹಿತ್ತಿಲ ಬಲ್ಬಿಗೆ ಹೋಗುವ ವೈರನ್ನು ಇಲಿ ಕಡಿದಿತ್ತು. ಬೆಳಿಗ್ಗೆ ಹತ್ತಕ್ಕೆ ಕರೆಂಟು ಹೋಗಿತ್ತು, ಮೂರರವರೆಗೆ ಬರುವ ಹಾಗಿರಲಿಲ್ಲ. "ಅವ್ರು ಬರೋದ್ರೊಳಗೆ ಮಾಡಿಟ್ಬುಡು, ನೋಡಿ ಖುಷಿ ಬೀಳ್ಲಿ" ಅಂದರು ಅತ್ತೆ. ನನಗೂ ಅದೇ ಬೇಕಿತ್ತು.

ಕರೆಂಟೇ ಇಲ್ಲವಲ್ಲ ಅಂತ ಫ್ಯೂಸು ಕೀಳಲಿಲ್ಲ. ಟೆಸ್ಟರ್ ಇಟ್ಟು ನೋಡಿದೆ, ಉರಿಯಲಿಲ್ಲ. ಕರೆಂಟು ಹೋದಾಗ ಟೆಸ್ಟರ್ ಎಲ್ಲಿಟ್ಟರೂ ಉರಿಯಲ್ಲ ಅನ್ನುವುದು ಹೊಳೆಯಲಿಲ್ಲ. ಇನ್ನೊಂದು ನಾನು ಮರೆತಿದ್ದೆ. ನಮ್ಮಲ್ಲಿ ಕರೆಂಟು ಹೋದರೆ ಯಾರೂ ಸ್ವಿಚ್ ಆರಿಸುತ್ತಿರಲಿಲ್ಲ. ವಾಪಸ್ ಬಂದದ್ದು ತಿಳಿಯಲಿ, ಓಡಿಹೋಗಿ ನೀರು ತುಂಬಿಕೊಳ್ಳೋಣ ಅಂತ ಒಂದು ದೀಪದ ಸ್ವಿಚ್ ಹಾಕೇ ಇಡುತ್ತಿದ್ದರು. ಅತ್ತೆ ಹಾಕಿಟ್ಟಿದ್ದದ್ದು ಅದೇ ಹಿತ್ತಿಲ ದೀಪದ್ದು.

ಒಂದು ಗಂಟು ಮುಗಿದಿತ್ತು. ಇನ್ನೊಂದಕ್ಕೆ ಸುಲಿದ ತುದಿಯನ್ನು ನೆಟ್ಟಗೆ ಹಿಡಿದುಕೊಳ್ಳಿ ಅಂತ ಅತ್ತೆ ಕೈಗೆ ಕೊಟ್ಟೆ. ಅವರು ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ಒದ್ದೆ ನೆಲದಲ್ಲಿ, ಬರಿಗಾಲಲ್ಲಿ ನಿಂತಿದ್ದರು. ಗಂಟೆ ಹನ್ನೆರಡೂ ಆಗಿರಲಿಲ್ಲ. ಕರೆಂಟು ಬಂತು.

ಅತ್ತೆ ಕೂಗಲಿಲ್ಲ. ಕೈ ಸಿಡಿದು, ಹಿಂದಕ್ಕೆ ಬಿದ್ದರು. ಗಾಜಿನ ಬಳೆ ಚೂರಾಗಿ ನೀರಿನಲ್ಲಿ ಬಿದ್ದಿದ್ದವು. ನಾನು ಏನು ಮಾಡಿದೆನೋ ನೆನಪಿಲ್ಲ... ಅವರು ಎದ್ದು ಕೂತು, ಬೆಳ್ಳಗಾಗಿದ್ದ ಹೆಬ್ಬೆರಳನ್ನು ನೋಡಿಕೊಂಡು ಮೊದಲು ಹೇಳಿದ್ದು ಇಷ್ಟು: "ನಿಮ್ಮಾವಂಗೆ ಹೇಳ್ಬೇಡ ಕಣೇ. ಒಲೆ ಮೇಲಿನ ಪಾತ್ರೆ ಸುಡ್ತು ಅಂತೀನಿ."

ಆಮೇಲೆ ಫ್ಯೂಸು ಕಿತ್ತು, ದಾವಣಿಗೆ ಗಂಟು ಹಾಕಿಕೊಂಡು, ಉಳಿದ ಕೆಲಸ ಮುಗಿಸಿದೆ. ಅಷ್ಟು ಚೆನ್ನಾಗಿ ನಾನು ಅದುವರೆಗೂ ಟೇಪು ಸುತ್ತಿರಲಿಲ್ಲ.

ಸಂಜೆ ಮಾವ ಬಂದು ನೋಡಿದರು. ಎಳೆದರು. ಇನ್ನೊಮ್ಮೆ ಎಳೆದರು. "ಜಾಯಿಂಟ್ ಚೆನ್ನಾಗೈತೆ" ಅಂದರು. ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಒಳಗೆ ಬಂದು, "ಎಲ್ಲೈತೆ ನಿನ್ನರ್ಜಿ, ತಗಂಬಾ" ಅಂತ ಜೇಬಿಂದ ಪೆನ್ನು ತೆಗೆದರು. ನಾನು ಓಡಿಹೋಗಿ ತಂದು ಮುಂದಿಟ್ಟೆ. ಪೆನ್ನಿನ ಕ್ಯಾಪು ತೆಗೆಯುತ್ತಾ ಸುಮ್ಮನೆ ಕೇಳಿದರು:

"ಫ್ಯೂಸ್ ಎಲ್ಲಿಟ್ಕಂಡಿದ್ದೆ?"

ದಾವಣಿಯಲ್ಲಿ ಅಂದರೆ ಪೂರ್ತಿ ಸುಳ್ಳೂ ಆಗುತ್ತಿರಲಿಲ್ಲ. ಅಡುಗೆಮನೆ ಬಾಗಿಲಲ್ಲಿ ಅತ್ತೆ ಕಣ್ಣಲ್ಲೇ 'ಹೂಂ ಅನ್ನು' ಅನ್ನುತ್ತಿದ್ದರು. ನನ್ನ ಕಣ್ಣು ಮಾತ್ರ ಅವರ ಹೆಬ್ಬೆರಳಿನ ಮೇಲೇ ಇತ್ತು, ಅರಿಶಿನ ಮೆತ್ತಿದ ಬಟ್ಟೆ ಸುತ್ತಿದ್ದರು.

"ಮೊದ್ಲು ಕಿತ್ತಿರ್ಲಿಲ್ಲ ಮಾವ. ಕರೆಂಟ್ ಇಲ್ವಲ್ಲ ಅಂತ... ಅತ್ತೆ ಕೈ ಸುಟ್ಟಿರೋದು ಪಾತ್ರೆಯಿಂದಲ್ಲ."

ಮಾವ ನನ್ನನ್ನು ಬೈಯಲಿಲ್ಲ. ಎದ್ದು ಹೋಗಿ ಅತ್ತೆಯ ಬೆರಳಿನ ಬಟ್ಟೆ ಬಿಚ್ಚಿ ನೋಡಿದರು. ತುಂಬಾ ಹೊತ್ತು ಆ ಕೈ ಬಿಡಲಿಲ್ಲ. "ಮಗೀಗೆ ಏನೂ ಅನ್ಬೇಡಿ" ಅಂದರು ಅತ್ತೆ. ಮಾವ ವಾಪಸ್ ಬಂದು ಪೆನ್ನಿಗೆ ಕ್ಯಾಪು ಹಾಕಿದರು.

"ಈ ವರ್ಷ ಬ್ಯಾಡ."

ಎರಡು ದಿನ ಕಳೆದು ಅರ್ಜಿಯ ದಿನವೂ ಮುಗಿಯಿತು. ನನ್ನ ಜೊತೆಯ ಹುಡುಗಿಯರು ಪಿಯುಸಿಗೆ ಹೋದರು, ಇಬ್ಬರಿಗೆ ಮದುವೆಯಾಯಿತು. ನಾನು ಒಂದು ವರ್ಷ ಮಾವನ ಸೈಕಲ್ಲಿನ ಹಿಂದೆ ಕೂತು ಊರೂರು ತಿರುಗಿದೆ. ಜನ ಆಡಿಕೊಂಡರು. "ಸೊಸೇನ ಕಂಬ ಹತ್ತಿಸ್ತೀಯೇನಯ್ಯ?" ಅಂತ ಟೀ ಅಂಗಡಿಯವರು ಕೇಳಿದರೆ ಮಾವ, "ನಿನ್ ಮನೆ ಫ್ಯಾನ್ ತಿರುಗ್ತಾ ಇರಾದು ಇವ್ಳು ಕೊಟ್ಟಿರೋ ಜಾಯಿಂಟಿಂದ. ಕಿತ್ಸ್ಲಾ?" ಅನ್ನುತ್ತಿದ್ದರು. ಹೋದ ಮನೆಯಲ್ಲೆಲ್ಲ, ನಾನು ಬ್ಲೇಡು ಹಿಡಿಯುವ ಮೊದಲು ಅವರು ಏನೂ ಕೇಳದೆ ಕೈ ಮುಂದೆ ಚಾಚುತ್ತಿದ್ದರು. ನಾನು ದಾವಣಿಯ ಗಂಟನ್ನು ಅವರ ಅಂಗೈಗೆ ಇಡಬೇಕು. ಒಳಗೆ ಫ್ಯೂಸು ಗಟ್ಟಿಯಾಗಿ ಸಿಕ್ಕಿದ ಮೇಲೆ ಕೈ ಹಿಂದಕ್ಕೆ.

ಮುಂದಿನ ವರ್ಷ ಕೋರದಲ್ಲಿ ಒಂದು ಮನೆಯ ಕೆಲಸ ಮಾಡುತ್ತಿದ್ದೆವು. ನಾನು ಗಂಟು ತೋರಿಸಲು ಹೋದರೆ ಮಾವ ಕೈ ಚಾಚಲಿಲ್ಲ. ಜೇಬಿಂದ ಮಡಿಚಿದ ಅರ್ಜಿ ತೆಗೆದು, ಆ ಮನೆಯ ಗೋಡೆಗೆ ಒತ್ತಿ ಹಿಡಿದು ಸಹಿ ಹಾಕಿದರು. ಅದನ್ನು ಅವರೇ ತುಮಕೂರಿಗೆ ಹೋಗಿ ತಂದಿದ್ದರು.

ಡಿಪ್ಲೊಮಾ ಆಯಿತು. ಕುಣಿಗಲ್ ಕಡೆ ಒಂದು ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿತು. ಕೆಲಸ ಮಾಡುತ್ತಲೇ, ಮಗುವನ್ನು ಎತ್ತಿಕೊಂಡೇ ಡಿಗ್ರಿಗೆ ಓದಿದೆ. ಅಪ್ಪನ ಕಡೆ, ಅಮ್ಮನ ಕಡೆ, ಎರಡರಲ್ಲೂ ಡಿಗ್ರಿ ಮಾಡಿದ ಮೊದಲನೆಯವಳು ನಾನು. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ಬಿಟ್ಟಿ ಬಂದದ್ದಲ್ಲ. ಆದರೆ ಕೊನೇ ವರ್ಷದ ಪರೀಕ್ಷೆಯ ನಡುವೆ ಮಾವ ಹೋಗಿಬಿಟ್ಟರು. ಎದೆನೋವು ಅಂದದ್ದು ಬೆಳಿಗ್ಗೆ, ಮಧ್ಯಾಹ್ನಕ್ಕೆ ಇಲ್ಲ. 'ಆಗಲ್ಲ ಬುಡು' ಅಂದ ಮಾತನ್ನು ಅವರು ಬಾಯಿಬಿಟ್ಟು ಒಂದು ದಿನವೂ ವಾಪಸ್ ತೆಗೆದುಕೊಳ್ಳಲಿಲ್ಲ. ಸಹಿ ಹಾಕಿದರಲ್ಲ, ಇನ್ನೇನು ಬೇಕು ಅಂತ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೂ ಮನೆಗೆ ಬೀಗ ಹಾಕಿ ಬಸ್‌ಸ್ಟಾಪಿನವರೆಗೆ ಹೋದವಳು ಸ್ವಿಚ್ ನೋಡಲು ವಾಪಸ್ ಬರುತ್ತೇನೆ. ಕೂತಲ್ಲಿ ಕಾಲು ಈಗಲೂ ಅಲ್ಲಾಡುತ್ತದೆ...

ಹೋದ ವಾರ ಫ್ಯೂಸಿನ ಬದಲು ಸ್ವಿಚ್ಚೇ ಇರುವ ಹೊಸ ಬೋರ್ಡು ಕೂರಿಸಿ ಸ್ಟೂಲಿನಿಂದ ಇಳಿದಾಗ ಅತ್ತೆ ಅದನ್ನೇ ನೋಡುತ್ತಿದ್ದರು. "ಇದ್ರಲ್ಲಿ ಕೀಳೋದೇ ಇಲ್ವಲ್ಲೇ. ಸೆರಗಿಗೆ ಇನ್ನೇನ್ ಕಟ್ಕಂತೀಯ?" ಅಂದರು. ನಾನು ಗಂಟು ಬಿಚ್ಚಿ ಹಳೇ ಫ್ಯೂಸನ್ನು ಅವರ ಕೈಗಿಟ್ಟೆ. ಆಮೇಲೆ ಬ್ಯಾಗಿನಿಂದ ಡಿಗ್ರಿ ಸರ್ಟಿಫಿಕೇಟ್ ತೆಗೆದುಕೊಟ್ಟೆ. ಅದು ಬಂದು ತಿಂಗಳಾಗಿತ್ತು, ಮೊದಲು ಕೊಡಬೇಕಾದ ಕೈ ಇಲ್ಲದೆ ನನ್ನ ಬಳಿಯೇ ಇಟ್ಟುಕೊಂಡಿದ್ದೆ.

ಅತ್ತೆ ಕೈ ಒರೆಸಿಕೊಂಡು ತೆಗೆದುಕೊಂಡರು. "ನಿನ್ನೆಸ್ರು ಎಲ್ಲೈತೆ ತೋರ್ಸು" ಅಂದರು. ತೋರಿಸಿದೆ. ಅದರ ಮೇಲೆ ಹೆಬ್ಬೆರಳಿಟ್ಟರು. ತುದಿಯಲ್ಲಿ ಆ ಬಿಳೀ ಕಲೆ ಇನ್ನೂ ಇದೆ.

"ನಿಮ್ಮಾವ ಇದ್ದಿದ್ರೆ ಇದನ್ನೂ ಒಂದ್ಸಲ ಎಳ್ದು ನೋಡಿ ಪಕ್ಕಕ್ಕಿಡೋರು ಕಣೇ" ಅಂದರು.