ಎಡಗಡೆಯ ಕುರ್ಚಿ

ನಮ್ಮ ವಾರ್ಡಿನಲ್ಲಿ ಅವಳನ್ನು ನಿಧಾನಕ್ಕ ಎನ್ನುತ್ತೇವೆ. ಎದುರಿಗೇ ಅನ್ನುತ್ತೇವೆ, ಅವಳಿಗೆ ಬೇಸರವಿಲ್ಲ. ಲಕ್ವ ಹೊಡೆದವರನ್ನು ನೋಡಿಕೊಳ್ಳುತ್ತಲೇ ತಲೆ ನರೆತ ನರ್ಸು. ನಾವು ಗಡಿಬಿಡಿಯಲ್ಲಿ ರೋಗಿಗೆ ಅಂಗಿ ತೊಡಿಸಿ ಮುಂದೆ ಓಡಿದರೆ, ಅವಳು ಅವರೇ ತೋಳು ತೂರಿಸಲಿ ಎಂದು ಕಾಯುತ್ತ ನಿಲ್ಲುತ್ತಾಳೆ. ಅವಳು ಕಾಯುವಷ್ಟು ಹೊತ್ತೂ ಉಳಿದ ಕೆಲಸವೆಲ್ಲ ನನ್ನ ತಲೆಗೆ. ಹೊಟ್ಟೆ ಉರಿಯದೆ ಇರುತ್ತದೆಯೇ?

ಕಿಟಕಿ ಪಕ್ಕದ ಹಾಸಿಗೆಗೆ ಒಬ್ಬ ಕ್ಷೌರಿಕ ಬಂದ. ಲಕ್ವ ಅವನ ಎಡಗೈಯನ್ನಷ್ಟೇ ಅಲ್ಲ, ಎಡಗಡೆ ಎನ್ನುವುದನ್ನೇ ಕಸಿದುಕೊಂಡಿತ್ತು. ಕಣ್ಣು ಚೆನ್ನಾಗಿಯೇ ಇತ್ತು, ಗಮನ ಆ ಕಡೆ ಹೋಗುತ್ತಿರಲಿಲ್ಲ. ತಟ್ಟೆಯ ಬಲಭಾಗವನ್ನಷ್ಟೇ ಉಂಡು ಇನ್ನೂ ಹಸಿವು ಎನ್ನುತ್ತಿದ್ದ. ಹೆಂಡತಿ, ಪಾಪ, ಎಲ್ಲವನ್ನೂ ಬಲಕ್ಕೆ ಸರಿಸಿಟ್ಟು ತಾನೂ ಬಲಗಡೆಯೇ ಕೂರುತ್ತಿದ್ದಳು. ಗಂಡ ತನ್ನನ್ನು ನೋಡಲಿ ಎನ್ನುವುದಷ್ಟೇ ಅವಳ ಆಸೆ.

ಒಂದು ಬೆಳಿಗ್ಗೆ ನಿಧಾನಕ್ಕ ಕುರ್ಚಿ ಎತ್ತಿ ಎಡಗಡೆ ಇಟ್ಟಳು. "ಇನ್ಮೇಲೆ ಇಲ್ಲಿ ಕೂತ್ಕೊಳಮ್ಮ. ಈ ಕಡೆ ತಿರುಗೋದನ್ನ ಕಲೀದಿದ್ರೆ ನಾಳೆ ರಸ್ತೆ ಹೇಗೆ ದಾಟ್ತಾರೆ?"

ಅವಳು ಕೂತಳು. ಸ್ವಲ್ಪ ಹೊತ್ತಿಗೆ ಅವನು, "ನಮ್ಮ ಮನೆಯೋಳು ಇವತ್ತು ಯಾಕೆ ಬಂದಿಲ್ಲ?" ಎಂದು ನನ್ನನ್ನು ಕೇಳಿದ. ಮೊಳದಷ್ಟು ದೂರದಲ್ಲಿ ಕೂತವಳ ಮುಖ ಸಣ್ಣಗಾಯಿತು. ನನಗೆ ನಿಧಾನಕ್ಕನ ಮೇಲೆ ಸಿಟ್ಟೇ ಬಂತು.

ನಿಧಾನಕ್ಕ ಅವನ ಮುಂದೆ ಕನ್ನಡಿ ನಿಲ್ಲಿಸಿ, ಸೋಪಿನ ನೊರೆ ಹಚ್ಚಿ ರೇಜರ್ ಕೊಟ್ಟಳು. ಕಸುಬು ಕೈ ಬಿಟ್ಟಿರಲಿಲ್ಲ. ಬಲಗೆನ್ನೆ ಕ್ಷಣದಲ್ಲಿ ನುಣ್ಣಗಾಯಿತು. "ಮುಗೀತು," ಎಂದ. ಎಡಗೆನ್ನೆಯಲ್ಲಿ ನೊರೆ ಹಾಗೇ ಇತ್ತು. ಹೆಂಡತಿ ರೇಜರಿಗೆ ಕೈ ಚಾಚಿದಳು.

"ಬೇಡಮ್ಮ," ಎಂದಳು ನಿಧಾನಕ್ಕ. "ಅಂಗಡೀಲಿ ಇವರು ಗಿರಾಕಿ ಮುಖ ಹೇಗೆ ತಿರುಗಿಸ್ತಿದ್ರು?"

"ಗದ್ದದ ಕೆಳಗೆ ಎರಡು ಬೆರಳಿಟ್ಟು."

"ಹಾಗೇ ಮಾಡು."

ಅವಳು ಬೆರಳಿಟ್ಟಳು. ಗಿರಾಕಿಯಂತೆ ವಿಧೇಯನಾಗಿ ಅವನು ಮುಖ ತಿರುಗಿಸಿದ. ಕಣ್ಣು ಕನ್ನಡಿ ದಾಟಿ, ಗೋಡೆ ದಾಟಿ, ತಡವರಿಸುತ್ತ ಅವಳ ಮೇಲೆ ನಿಂತಿತು.

"ಯಾವಾಗ ಬಂದೆ?"

"ಬೆಳಿಗ್ಗೆಯಿಂದ ಇಲ್ಲೇ ಇದೀನಿ."

ಅವನು ಕೆನ್ನೆ ಮುಟ್ಟಿಕೊಂಡು ನೊರೆ ನೋಡಿದ. "ಗಿರಾಕೀನ ಹೀಗೆ ಅರ್ಧಕ್ಕೇ ಎಬ್ಬಿಸಿದ್ರೆ ಅಂಗಡಿ ಮುಚ್ಚಬೇಕಾಗುತ್ತೆ," ಎಂದು ಉಳಿದದ್ದನ್ನು ಬೋಳಿಸಿಕೊಂಡ. ನನ್ನ ಕಣ್ಣು ತುಂಬಿತು.

ನಿಧಾನಕ್ಕ ಮೂಲೆಯಲ್ಲಿ ಕೂತು ಮಂಡಿ ಒತ್ತಿಕೊಳ್ಳುತ್ತಿದ್ದಳು. "ನಾಳೆಗೆ ಮರೆತಿರ್ತಾರೆ. ಮತ್ತೆ ಮೊದಲಿಂದ," ಎಂದಳು. ದಣಿದ ದನಿ.

ಅವಳೆಂದಂತೇ ಆಯಿತು. ಮಾರನೆಯ ದಿನವೂ ಅವನು ಬಲಗೆನ್ನೆ ಮುಗಿಸಿ ರೇಜರ್ ಕೆಳಗಿಟ್ಟ. ಕಸ ಗುಡಿಸುವವಳು ಕುರ್ಚಿಯನ್ನು ಮತ್ತೆ ಬಲಕ್ಕಿಟ್ಟಿದ್ದಳು. ಯಾರೂ ಹೇಳುವ ಮೊದಲೇ ಹೆಂಡತಿ ಅದನ್ನು ಎಡಕ್ಕೆ ಎಳೆದುಕೊಂಡು, ಅವನ ಗದ್ದದ ಕೆಳಗೆ ಎರಡು ಬೆರಳಿಟ್ಟಳು.